ಕರೆಂಟು ಹೋದರೂ ಮಳೆ ಲೆಕ್ಕ ಉಳಿಯಬೇಕು: ಲಿನಕ್ಸ್ ಕರ್ನಲ್‌ಗೆ ಫ್ಲ್ಯಾಶ್ ಡ್ರೈವರ್ ಜೋಡಿಸುವುದು ಹೇಗೆ?

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವ ರೂಢಿ ಹಳೆಯದು. ಬೇಸಿಗೆಯ ಹೂಮಳೆ ಎಷ್ಟು ಸೆಂಟ್ ಬಿತ್ತು ಎಂದು ನೋಡಿಕೊಂಡೇ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಆ ಲೆಕ್ಕವನ್ನು ಲಿನಕ್ಸ್ ಓಡಿಸುವ ಪುಟ್ಟ ಬೋರ್ಡಿಗೆ ಒಪ್ಪಿಸಿದಾಗ ಮೊದಲು ಕೈಕೊಡುವುದು ಹೆಚ್ಚಾಗಿ ಅದರ ಸಂಗ್ರಹವೇ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಬಂದಂತೆ ಮಾಡಿ ಮತ್ತೆ ಹೋಗುತ್ತದೆ. ಬರೆಯುತ್ತಿದ್ದ ಬೋರ್ಡ್ ಅರ್ಧದಲ್ಲೇ ನಿಲ್ಲುತ್ತದೆ. ಮರುದಿನ ನೋಡಿದರೆ ಫೈಲ್ ಖಾಲಿ, ಇಲ್ಲವೇ ಬೋರ್ಡೇ ಏಳುವುದಿಲ್ಲ. ಇಂಥ ತೊಂದರೆಗಳಲ್ಲಿ ಬಹುಪಾಲನ್ನು ಕರ್ನಲ್ (ಲಿನಕ್ಸ್‌ನ ತಿರುಳು ಪ್ರೋಗ್ರಾಂ) ಕಟ್ಟುವಾಗಲೇ, ಚಿಪ್ ನಡೆಸುವ ಡ್ರೈವರ್‌ಗಳನ್ನು ಸರಿಯಾಗಿ ಆರಿಸಿ ತಡೆಯಬಹುದು.

ಉದಾಹರಣೆಗೆ ಮೂರು ಚಿಪ್ ಇರುವ ಒಂದು ಡೇಟಾ ಲಾಗರ್ ಬೋರ್ಡನ್ನು ಹಿಡಿಯೋಣ. ಬೂಟ್‌ಗೆ 16 ಎಂಬಿಯ ಎಸ್‌ಪಿಐ ನಾರ್ ಫ್ಲ್ಯಾಶ್ (ವಿನ್‌ಬಾಂಡ್ ಡಬ್ಲ್ಯೂ25ಕ್ಯೂ128), ಮಳೆ ಲೆಕ್ಕಕ್ಕೆ 128 ಎಂಬಿಯ ಎಸ್‌ಪಿಐ ನ್ಯಾಂಡ್ (ಡಬ್ಲ್ಯೂ25ಎನ್01ಜಿವಿ), ಸೆನ್ಸರ್‌ನ ಹೊಂದಾಣಿಕೆ ಅಂಕಿಗಳಿಗೆ 32 ಕೆಬಿಯ 24ಸಿ256 ಈಪ್ರಾಮ್. ಫ್ಲ್ಯಾಶ್ ಎಂದರೆ ಕರೆಂಟು ಹೋದರೂ ಮಾಹಿತಿ ಉಳಿಸುವ ಮೆಮೊರಿ; ನಾರ್, ನ್ಯಾಂಡ್ ಅದರ ಎರಡು ಬಗೆ. ಈಪ್ರಾಮ್ ಕೂಡ ಹಾಗೆಯೇ ಉಳಿಸುವ ಪುಟ್ಟ ಮೆಮೊರಿ. ಎಸ್‌ಪಿಐ ಎಂದರೆ ಚಿಪ್ಪನ್ನು ಪ್ರೊಸೆಸರ್‌ಗೆ ಜೋಡಿಸುವ ತಂತಿಗಳ ದಾರಿ, ಅಂದರೆ ಬಸ್. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಮೊದಲು ಚಿಪ್‌ನ ಜಾತಿ ತಿಳಿಯಿರಿ

ಎಸ್‌ಡಿ ಕಾರ್ಡ್, ಪೆನ್‌ಡ್ರೈವ್, ಇಎಂಎಂಸಿ ಇವುಗಳ ಒಳಗೆ ಫ್ಲ್ಯಾಶ್ ಜೊತೆಗೆ ಒಂದು ಕಂಟ್ರೋಲರ್ ಕೂಡ ಇರುತ್ತದೆ. ಸವೆತ ಹಂಚುವುದು, ಕೆಟ್ಟ ಬ್ಲಾಕ್ ಬದಿಗಿಡುವುದು ಎಲ್ಲವೂ ಅದರ ಕೆಲಸ. ಕರ್ನಲ್‌ಗೆ ಅದು ಮಾಮೂಲಿ ಡಿಸ್ಕ್‌ನಂತೆ ಕಾಣುತ್ತದೆ, ಇಎಕ್ಸ್‌ಟಿ4 ಹಾಕಿದರೆ ನಡೆಯುತ್ತದೆ. ನಮ್ಮ ಬೋರ್ಡಿನ ನಾರ್, ನ್ಯಾಂಡ್ ಚಿಪ್‌ಗಳು ಹಾಗಲ್ಲ. ಅವು ಬರಿಯ ಫ್ಲ್ಯಾಶ್; ಆ ಹೊಣೆಯೆಲ್ಲ ಕರ್ನಲ್ ಮೇಲೆ ಬೀಳುತ್ತದೆ. ಅದಕ್ಕೆಂದೇ ಲಿನಕ್ಸ್‌ನಲ್ಲಿ ಎಂಟಿಡಿ (ಮೆಮೊರಿ ಟೆಕ್ನಾಲಜಿ ಡಿವೈಸ್) ಎಂಬ ಪ್ರತ್ಯೇಕ ವಿಭಾಗವಿದೆ.

ಫ್ಲ್ಯಾಶ್‌ನಲ್ಲಿ ಬರೆಯುವುದೆಂದರೆ 1 ಇದ್ದ ಬಿಟ್ಟನ್ನು 0 ಮಾಡುವುದು. 0 ಇದ್ದದ್ದನ್ನು ಮತ್ತೆ 1 ಮಾಡಲು ಇಡೀ ಬ್ಲಾಕನ್ನೇ ಅಳಿಸಬೇಕು. ನಮ್ಮ ನ್ಯಾಂಡ್‌ನಲ್ಲಿ ಪೇಜ್ 2048 ಬೈಟ್, ಅದರ ಪಕ್ಕಕ್ಕೆ 64 ಬೈಟ್ ಹೆಚ್ಚುವರಿ ಜಾಗ. 64 ಪೇಜ್ ಸೇರಿ 128 ಕೆಬಿಯ ಒಂದು ಬ್ಲಾಕ್. ಅಂಥ ಬ್ಲಾಕ್‌ಗಳು 1024. ಪ್ರತಿ ಬ್ಲಾಕ್ ಸುಮಾರು 1,00,000 ಸಲ ಅಳಿಸಿದರೂ ತಾಳುತ್ತದೆ. ಇದು ದೊಡ್ಡ ಸಂಖ್ಯೆ ಎನಿಸುತ್ತದೆ, ಆದರೆ ನಿಮಿಷಕ್ಕೊಮ್ಮೆ ಒಂದೇ ಬ್ಲಾಕನ್ನು ಅಳಿಸಿ ಬರೆದರೆ ದಿನಕ್ಕೆ 1440 ಸಲ ಆಯಿತು, 69 ದಿನಕ್ಕೆ ಆಯುಸ್ಸು ಮುಗಿಯಿತು. ಮುಂಗಾರು ಶುರುವಾದಾಗ ಕೂರಿಸಿದ ಲಾಗರ್ ಮಳೆಗಾಲ ಮುಗಿಯುವ ಮೊದಲೇ ಕೆಟ್ಟಿರುತ್ತದೆ. ಮುಂದಿನ ಆಯ್ಕೆಗಳನ್ನೆಲ್ಲ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು.

ಮೆನುಕಾನ್ಫಿಗ್‌ನಲ್ಲಿ ಆರಿಸಬೇಕಾದದ್ದು

ಕರ್ನಲ್ ಮೂಲದ ಫೋಲ್ಡರ್‌ನಲ್ಲಿ ನಿಮ್ಮ ಬೋರ್ಡಿನ ಡೆಫ್‌ಕಾನ್ಫಿಗ್ (ಸಿದ್ಧ ಆಯ್ಕೆಗಳ ಪಟ್ಟಿ) ಹಾಕಿಕೊಂಡು ‘ಮೇಕ್ ಮೆನುಕಾನ್ಫಿಗ್’ ಕೊಡಿ; ಕರ್ನಲ್‌ನ ಆಯ್ಕೆಗಳ ಮೆನು ತೆರೆಯುತ್ತದೆ. ಎಸ್‌ಪಿಐ ನ್ಯಾಂಡ್ ಬೆಂಬಲ ಕರ್ನಲ್‌ಗೆ ಸೇರಿದ್ದು 2018ರ 4.19 ಆವೃತ್ತಿಯಲ್ಲಿ. ಬೋರ್ಡ್ ಜೊತೆ ಅದಕ್ಕಿಂತ ಹಳೆಯ ಕರ್ನಲ್ ಕೊಟ್ಟಿದ್ದರೆ ಹೊಸದಕ್ಕೆ ಹೋಗುವುದೇ ಸರಿ.

‘ಡಿವೈಸ್ ಡ್ರೈವರ್ಸ್’ ಒಳಗೆ ‘ಎಸ್‌ಪಿಐ ಸಪೋರ್ಟ್’ಗೆ ಹೋಗಿ ನಿಮ್ಮ ಪ್ರೊಸೆಸರ್‌ನ ಎಸ್‌ಪಿಐ ಕಂಟ್ರೋಲರ್ ಆರಿಸಿ. ಫ್ಲ್ಯಾಶ್ ಡ್ರೈವರ್ ಹಾಕಿ ಇದನ್ನು ಬಿಟ್ಟರೆ ಚಿಪ್ ತಲುಪಲು ದಾರಿಯೇ ಇರುವುದಿಲ್ಲ. ಆಮೇಲೆ ‘ಮೆಮೊರಿ ಟೆಕ್ನಾಲಜಿ ಡಿವೈಸ್ ಸಪೋರ್ಟ್’ ತೆರೆದು ಎಂಟಿಡಿ, ಡಿವೈಸ್ ಟ್ರೀ (ಯಾವ ಚಿಪ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ಪಾರ್ಟಿಶನ್ ಓದುವ ಆಯ್ಕೆ, ಎಂಟಿಡಿ ಬ್ಲಾಕ್, ಎಸ್‌ಪಿಐ ನಾರ್, ಎಸ್‌ಪಿಐ ನ್ಯಾಂಡ್, ಯುಬಿಐ (ಸವೆತ ಹಂಚುವ ಪದರ) ಇಷ್ಟನ್ನೂ ಆರಿಸಿ. ‘ಫೈಲ್ ಸಿಸ್ಟಮ್ಸ್’ ಒಳಗಿನ ‘ಮಿಸೆಲೇನಿಯಸ್’ ವಿಭಾಗದಲ್ಲಿ ಸ್ಕ್ವಾಷ್‌ಎಫ್‌ಎಸ್ (ಓದಲು ಮಾತ್ರದ ಫೈಲ್ ಸಿಸ್ಟಮ್) ಮತ್ತು ಯುಬಿಐಎಫ್‌ಎಸ್ (ಯುಬಿಐ ಮೇಲೆ ಕೂರುವ, ಬರೆಯಬಹುದಾದ ಫೈಲ್ ಸಿಸ್ಟಮ್) ಸಿಗುತ್ತವೆ. ಈಪ್ರಾಮ್‌ಗೆ ಐ2ಸಿ (ಎರಡು ತಂತಿಯ ಇನ್ನೊಂದು ಬಸ್) ಕಂಟ್ರೋಲರ್ ಮತ್ತು ಎಟಿ24 ಡ್ರೈವರ್ ಬೇಕು.

ಆಯ್ಕೆ ಎಲ್ಲಿದೆ ಎಂದು ಸಿಗದಿದ್ದರೆ ಓರೆಗೆರೆಯ ಕೀ ಒತ್ತಿ ಹೆಸರು ಹುಡುಕಿ. ಅದು ಯಾವುದನ್ನು ಅವಲಂಬಿಸಿದೆ ಎಂಬುದನ್ನೂ ಅಲ್ಲೇ ತೋರಿಸುತ್ತದೆ. ಕಾನ್ಫಿಗ್ ಫೈಲನ್ನು ಎಡಿಟರ್‌ನಲ್ಲಿ ಕೈಯಾರೆ ತಿದ್ದುವ ಅಭ್ಯಾಸ ಬೇಡ. ಬೇಕಾದ ಇನ್ನೊಂದು ಆಯ್ಕೆ ಇಲ್ಲದಿದ್ದರೆ ನೀವು ಬರೆದ ಸಾಲನ್ನು ಬಿಲ್ಡ್ ಸದ್ದಿಲ್ಲದೆ ತೆಗೆದುಹಾಕುತ್ತದೆ.

ವೈ ಕೊಡಬೇಕೋ ಎಂ ಕೊಡಬೇಕೋ? ವೈ ಎಂದರೆ ಡ್ರೈವರ್ ಕರ್ನಲ್ ಒಳಗೇ ಸೇರುತ್ತದೆ; ಎಂ ಎಂದರೆ ಬೇಕಾದಾಗ ಸೇರಿಸುವ ಪ್ರತ್ಯೇಕ ಫೈಲ್, ಅಂದರೆ ಮಾಡ್ಯೂಲ್ ಆಗುತ್ತದೆ. ರೂಟ್ ಫೈಲ್ ಸಿಸ್ಟಮ್ (ವ್ಯವಸ್ಥೆಯ ಮೂಲ ಫೈಲ್‌ಗಳಿರುವ ಜಾಗ) ನಾರ್‌ನಲ್ಲೇ ಇರುವುದರಿಂದ ಎಸ್‌ಪಿಐ ಕಂಟ್ರೋಲರ್, ಎಂಟಿಡಿ, ಎಂಟಿಡಿ ಬ್ಲಾಕ್, ಎಸ್‌ಪಿಐ ನಾರ್, ಸ್ಕ್ವಾಷ್‌ಎಫ್‌ಎಸ್ ಇವೆಲ್ಲ ವೈ ಆಗಿ ಕರ್ನಲ್ ಒಳಗೇ ಇರಬೇಕು. ಮಾಡ್ಯೂಲ್ ಮಾಡಿದರೆ ಆ ಮಾಡ್ಯೂಲ್ ಇರುವುದೇ ಇನ್ನೂ ತೆರೆಯದ ಫ್ಲ್ಯಾಶ್‌ನಲ್ಲಿ. ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದು ಕರ್ನಲ್ ಅಲ್ಲೇ ನಿಲ್ಲುತ್ತದೆ. ನ್ಯಾಂಡ್, ಯುಬಿಐ, ಈಪ್ರಾಮ್ ಮಾಡ್ಯೂಲ್ ಆಗಿದ್ದರೂ ನಡೆಯುತ್ತದೆ.

ಇನ್ನೊಂದು ಆಯ್ಕೆ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಎಸ್‌ಪಿಐ ನಾರ್ ಕೆಳಗೆ ‘4096 ಬೈಟ್‌ನ ಸಣ್ಣ ಸೆಕ್ಟರ್ ಬಳಸು’ ಎಂಬುದು ತಾನಾಗಿಯೇ ವೈ ಆಗಿರುತ್ತದೆ. ಬೂಟ್‌ಲೋಡರ್‌ನ (ಕರ್ನಲನ್ನು ಎಬ್ಬಿಸುವ ಪ್ರೋಗ್ರಾಂ) ಸಣ್ಣ ಸೆಟ್ಟಿಂಗ್ ತಿದ್ದಲು ಅದು ಒಳ್ಳೆಯದೇ. ಆದರೆ ನಾರ್ ಮೇಲೆಯೇ ಯುಬಿಐಎಫ್‌ಎಸ್ ಹಾಕುವ ಯೋಚನೆ ಇದ್ದರೆ ಅದನ್ನು ಬಿಡಬೇಕು, ಏಕೆಂದರೆ ಯುಬಿಐಎಫ್‌ಎಸ್‌ಗೆ ಕನಿಷ್ಠ 15 ಕೆಬಿಯ ಬ್ಲಾಕ್ ಬೇಕು. ಬಿಟ್ಟ ಮೇಲೆ ಅಳಿಸುವ ಗಾತ್ರ 64 ಕೆಬಿಗೆ ಏರುತ್ತದೆ. ಆಗ 64 ಕೆಬಿ ಗೆರೆಯ ಮೇಲೆ ಕೂರದ ಪಾರ್ಟಿಶನ್‌ಗಳನ್ನೆಲ್ಲ ಕರ್ನಲ್ ಓದಲು ಮಾತ್ರ ಎಂದು ಕಟ್ಟಿಹಾಕುತ್ತದೆ. ಮೊದಲಿನಿಂದಲೇ ಎಲ್ಲವನ್ನೂ 64 ಕೆಬಿಯ ಗುಣಕದಲ್ಲಿಟ್ಟರೆ ಈ ರಗಳೆ ಇಲ್ಲ.

ಡಿವೈಸ್ ಟ್ರೀ ಮತ್ತು ಪಾರ್ಟಿಶನ್

ಚಿಪ್ ಯಾವ ಬಸ್ಸಿನ ಯಾವ ಚಿಪ್ ಸೆಲೆಕ್ಟ್ (ಚಿಪ್ ಆರಿಸುವ) ತಂತಿಯಲ್ಲಿದೆ ಎಂದು ಡಿವೈಸ್ ಟ್ರೀಯಲ್ಲಿ ಹೇಳಬೇಕು. ನಾರ್‌ಗೆ ಕಂಪ್ಯಾಟಿಬಲ್ ಹೆಸರು ‘ಜೆಡೆಕ್,ಎಸ್‌ಪಿಐ-ನಾರ್’, ನ್ಯಾಂಡ್‌ಗೆ ‘ಎಸ್‌ಪಿಐ-ನ್ಯಾಂಡ್’. ಚಿಪ್‌ನ ನಿಖರ ಹೆಸರು ಬರೆಯಬೇಕಿಲ್ಲ. ಡ್ರೈವರ್ ತಾನೇ ಗುರುತು ಸಂಖ್ಯೆ ಕೇಳಿ ಪತ್ತೆ ಹಚ್ಚುತ್ತದೆ. ವೇಗದ ಮಿತಿಯನ್ನು ಮೊದಲ ಪರೀಕ್ಷೆಗೆ 10 ಮೆಗಾಹರ್ಟ್ಸ್‌ನಲ್ಲಿಡಿ, ಎಲ್ಲ ಸರಿಯಾದ ಮೇಲೆ ಏರಿಸಿ. ಬ್ರೆಡ್‌ಬೋರ್ಡ್ ಮೇಲೆ ಉದ್ದನೆಯ ಜಂಪರ್ ವೈರ್ ಎಳೆದಿದ್ದರೆ 50 ಮೆಗಾಹರ್ಟ್ಸ್‌ನಲ್ಲಿ ಬರುವ ದೋಷವನ್ನು ಜನ ಡ್ರೈವರ್ ತಲೆಗೆ ಕಟ್ಟುತ್ತಾರೆ.

ಬೂಟ್ ಆದ ಮೇಲೆ ಡಿಮೆಸೇಜ್ (ಕರ್ನಲ್ ಸಂದೇಶಗಳನ್ನು ತೋರಿಸುವ ಆದೇಶ) ಕೊಟ್ಟು ನೋಡಿ. ಗುರುತು ಸಂಖ್ಯೆ ‘ಎಫ್‌ಎಫ್ ಎಫ್‌ಎಫ್ ಎಫ್‌ಎಫ್’ ಎಂದು ಬಂದರೆ ಚಿಪ್ ಉತ್ತರವನ್ನೇ ಕೊಡುತ್ತಿಲ್ಲ: ಚಿಪ್ ಸೆಲೆಕ್ಟ್ ತಪ್ಪಿರಬಹುದು, ತಂತಿ ಬಿಟ್ಟಿರಬಹುದು. ಎಲ್ಲ ಸೊನ್ನೆ ಬಂದರೆ ಚಿಪ್‌ಗೆ ವೋಲ್ಟೇಜ್ ಬರುತ್ತಿದೆಯೇ, ಚಿಪ್‌ನಿಂದ ಬರುವ ಡೇಟಾ ತಂತಿ ಗ್ರೌಂಡ್‌ಗೆ ತಗುಲಿದೆಯೇ ಎಂದು ಮೀಟರ್ ಹಿಡಿದು ನೋಡಿ. ನಮ್ಮ ನಾರ್ ಚಿಪ್ ಸರಿಯಿದ್ದರೆ ‘ಇಎಫ್ 40 18’ ಕೊಡುತ್ತದೆ.

16 ಎಂಬಿ ನಾರ್ ಅನ್ನು ಹೀಗೆ ಹಂಚಬಹುದು: ಬೂಟ್‌ಲೋಡರ್‌ಗೆ 512 ಕೆಬಿ, ಅದರ ಸೆಟ್ಟಿಂಗ್‌ಗೆ 64 ಕೆಬಿ, ಡಿವೈಸ್ ಟ್ರೀಗೆ 64 ಕೆಬಿ, ಕರ್ನಲ್‌ಗೆ 6144 ಕೆಬಿ, ಉಳಿದ 9600 ಕೆಬಿ ಸ್ಕ್ವಾಷ್‌ಎಫ್‌ಎಸ್ ರೂಟ್‌ಗೆ. ರೂಟ್ ಓದಲು ಮಾತ್ರ ಇರಲಿ ಎಂದು ಒತ್ತಿ ಹೇಳುತ್ತೇವೆ. ಕರೆಂಟು ಎಷ್ಟೇ ಸಲ ಹೋದರೂ ಬರೆಯದ ಜಾಗ ಕೆಡುವುದಿಲ್ಲ, ಬೋರ್ಡ್ ಏಳುವುದಂತೂ ಖಚಿತ. ನ್ಯಾಂಡ್ ಪೂರ್ತಿ ‘ಡೇಟಾ’ ಎಂಬ ಒಂದೇ ಪಾರ್ಟಿಶನ್; ಅದನ್ನು ಚೂರು ಮಾಡಿದಷ್ಟೂ ಸವೆತ ಹಂಚಲು ಜಾಗ ಕಡಿಮೆಯಾಗುತ್ತದೆ.

‘ಕ್ಯಾಟ್ /ಪ್ರಾಕ್/ಎಂಟಿಡಿ’ ಕೊಟ್ಟು ಗಾತ್ರ, ಅಳಿಸುವ ಗಾತ್ರ, ಹೆಸರು ಮೂರನ್ನೂ ತಾಳೆ ನೋಡಿ. ನ್ಯಾಂಡ್ ಮೊದಲು ಪತ್ತೆಯಾಗಿ ಎಂಟಿಡಿ0 ಆಗಿಬಿಟ್ಟರೆ ರೂಟ್‌ಗೆ ಕೊಟ್ಟ ಸಂಖ್ಯೆ ತಪ್ಪುತ್ತದೆ. ಯುಬಿಐಗೆ ಸಂಖ್ಯೆಯ ಬದಲು ‘ಯುಬಿಐ.ಎಂಟಿಡಿ=ಡೇಟಾ’ ಎಂದು ಹೆಸರಿನಿಂದಲೇ ಹೇಳಬಹುದು. ನಾರ್‌ನಲ್ಲಿ ಅಳಿಸಿದೆ ಎಂದು ಬಂದರೂ ಹಳೆಯ ಮಾಹಿತಿಯೇ ಉಳಿದಿದ್ದರೆ ಚಿಪ್‌ನ ರಕ್ಷಣೆಯ ಬಿಟ್‌ಗಳು ಎದ್ದಿವೆ ಎಂದರ್ಥ. ‘ಫ್ಲ್ಯಾಶ್_ಅನ್‌ಲಾಕ್’ ಕೊಟ್ಟು ಮತ್ತೆ ಅಳಿಸಿ.

16 ಎಂಬಿಗಿಂತ ದೊಡ್ಡ ನಾರ್ ಹಾಕುವವರಿಗೆ ಒಂದು ಎಚ್ಚರಿಕೆ. 3 ಬೈಟ್ ವಿಳಾಸ 16 ಎಂಬಿಯವರೆಗೆ ಮಾತ್ರ ತಲುಪುತ್ತದೆ, ಆಚೆಗೆ ಕರ್ನಲ್ ಚಿಪ್ಪನ್ನು 4 ಬೈಟ್ ವಿಧಾನಕ್ಕೆ ತಿರುಗಿಸಬಹುದು. ಚಿಪ್‌ನ ರಿಸೆಟ್ ಪಿನ್ ಪ್ರೊಸೆಸರ್ ರಿಸೆಟ್‌ಗೆ ಸೇರಿರದಿದ್ದರೆ ರೀಬೂಟ್ ಆದಾಗ ಬೂಟ್ ರಾಮ್ (ಪ್ರೊಸೆಸರ್ ಒಳಗಿನ ಮೊದಲ ಪ್ರೋಗ್ರಾಂ) 3 ಬೈಟ್ ವಿಳಾಸ ಕೊಡುತ್ತದೆ, ಚಿಪ್ 4ಕ್ಕೆ ಕಾಯುತ್ತದೆ, ಬೋರ್ಡ್ ಅಲ್ಲೇ ನಿಲ್ಲುತ್ತದೆ. ಪ್ಲಗ್ ಕಿತ್ತು ಹಾಕಿದರೆ ಏಳುತ್ತದೆ, ರೀಬೂಟ್ ಕೊಟ್ಟರೆ ಏಳುವುದಿಲ್ಲ ಎಂಬುದೇ ಇದರ ಲಕ್ಷಣ. ಹೊಸ ಬೋರ್ಡ್ ಮಾಡುವಾಗ ರಿಸೆಟ್ ತಂತಿ ಎಳೆಯುವುದೇ ನಿಜವಾದ ಪರಿಹಾರ.

ಯುಬಿಐ: ಸವೆತ ಹಂಚುವ ಪದರ

ನ್ಯಾಂಡ್ ಚಿಪ್ ಕಾರ್ಖಾನೆಯಿಂದ ಬರುವಾಗಲೇ ಕೆಲವು ಕೆಟ್ಟ ಬ್ಲಾಕ್ ಇರುತ್ತವೆ. 1024ರಲ್ಲಿ 20ರವರೆಗೆ ಕೆಟ್ಟಿರಬಹುದು ಎಂದು ತಯಾರಕರೇ ಹೇಳುತ್ತಾರೆ. ಹೀಗಾಗಿ ಡಿಡಿ (ನೇರ ನಕಲು) ಆದೇಶದಿಂದ ಎಂಟಿಡಿಬ್ಲಾಕ್‌ಗೆ ನೇರವಾಗಿ ಬರೆಯಬೇಡಿ. ಅದಕ್ಕೆ ಕೆಟ್ಟ ಬ್ಲಾಕ್ ದಾಟುವುದೂ ಗೊತ್ತಿಲ್ಲ, ಸವೆತ ಹಂಚುವುದೂ ಗೊತ್ತಿಲ್ಲ. ಮೇಲೆ ಹೇಳಿದ 69 ದಿನದ ಲೆಕ್ಕ ಇಂಥ ಬಳಕೆಯದೇ.

ಯುಬಿಐ 2007ರಲ್ಲಿ, ಅದರ ಮೇಲಿನ ಯುಬಿಐಎಫ್‌ಎಸ್ 2008ರಲ್ಲಿ ಕರ್ನಲ್ ಸೇರಿದವು. ಯುಬಿಐ ಪ್ರತಿ ಬ್ಲಾಕ್‌ನಲ್ಲಿ ತನ್ನ ಲೆಕ್ಕಕ್ಕೆ ಎರಡು ಪೇಜ್ ಹಿಡಿದುಕೊಳ್ಳುತ್ತದೆ. 131072 ಬೈಟ್‌ನಲ್ಲಿ 4096 ಕಳೆದು 1,26,976 ಬೈಟ್ ನಮಗೆ ಉಳಿಯುತ್ತದೆ. ಕೆಟ್ಟ ಬ್ಲಾಕ್‌ಗಳಿಗೆ 1024ಕ್ಕೆ 20ರಂತೆ ಮೀಸಲು, ಒಳಗಿನ ಕೆಲಸಕ್ಕೆ 4. ಕೈಗೆ ಸಿಗುವುದು 1000 ಬ್ಲಾಕ್, ಅಂದರೆ ಸುಮಾರು 121 ಎಂಬಿ. ‘128 ಎಂಬಿ ಎಲ್ಲಿ ಹೋಯಿತು’ ಎಂದು ಹುಡುಕುವವರಿಗೆ ಇದೇ ಉತ್ತರ.

ಕೆಲಸದ ಕ್ರಮ ಹೀಗೆ: ‘ಯುಬಿಐಫಾರ್ಮ್ಯಾಟ್ /ಡೆವ್/ಎಂಟಿಡಿ5’, ನಂತರ ‘ಯುಬಿಐಅಟ್ಯಾಚ್ -ಪಿ /ಡೆವ್/ಎಂಟಿಡಿ5’, ಆಮೇಲೆ ‘ಯುಬಿಐಎಂಕೆವಾಲ್ /ಡೆವ್/ಯುಬಿಐ0 -ಎನ್ ಮಳೆ -ಎಂ’ (ಎನ್ ದೊಡ್ಡಕ್ಷರ, ಎಂ ಚಿಕ್ಕಕ್ಷರ), ಕೊನೆಗೆ ‘ಮೌಂಟ್ -ಟಿ ಯುಬಿಐಎಫ್‌ಎಸ್ ಯುಬಿಐ0:ಮಳೆ /ಡೇಟಾ’. ಎರಡನೆಯ ಸಲ ಫಾರ್ಮ್ಯಾಟ್ ಮಾಡಬೇಕಾಗಿ ಬಂದರೂ ಯುಬಿಐಫಾರ್ಮ್ಯಾಟನ್ನೇ ಬಳಸಿ. ಅದು ಪ್ರತಿ ಬ್ಲಾಕ್ ಎಷ್ಟು ಸಲ ಅಳಿದಿದೆ ಎಂಬ ಲೆಕ್ಕವನ್ನು ಉಳಿಸಿಕೊಳ್ಳುತ್ತದೆ. ಫ್ಲ್ಯಾಶ್_ಇರೇಸ್ ಆ ಲೆಕ್ಕವನ್ನೂ ಒರೆಸಿಹಾಕುತ್ತದೆ.

ಹತ್ತಾರು ಬೋರ್ಡ್‌ಗೆ ಒಂದೇ ಇಮೇಜ್ ಬರೆಯುವವರು ‘ಎಂಕೆಎಫ್‌ಎಸ್.ಯುಬಿಐಎಫ್‌ಎಸ್’ಗೆ ಪೇಜ್ 2048, ಬ್ಲಾಕ್ 126976 ಎಂದು ಕೊಡುವುದರ ಜೊತೆಗೆ ದೊಡ್ಡಕ್ಷರದ ‘-ಎಫ್’ ಸೇರಿಸಿ. ಇಮೇಜ್‌ನ ಖಾಲಿ ಪೇಜ್‌ಗಳನ್ನೂ ಪ್ರೋಗ್ರಾಮರ್ ಬರೆದುಬಿಟ್ಟರೆ ಅವುಗಳ ದೋಷ ತಿದ್ದುವ ಸಂಕೇತ ಕೂಡ ಬರೆದುಹೋಗುತ್ತದೆ; ಮುಂದೆ ಅದೇ ಪೇಜ್‌ಗೆ ನಿಜವಾದ ಮಾಹಿತಿ ಬರೆದಾಗ ಸಂಕೇತ ತಾಳೆಯಾಗದು. ‘-ಎಫ್’ ಇದ್ದರೆ ಮೊದಲ ಮೌಂಟ್‌ನಲ್ಲೇ ಕರ್ನಲ್ ಅದನ್ನು ಸರಿಪಡಿಸುತ್ತದೆ. ‘ಬ್ಯಾಡ್ ವಿಐಡಿ ಹೆಡರ್ ಆಫ್‌ಸೆಟ್’ ಎಂಬ ದೂರು ಬಂದರೆ ಇಮೇಜ್ ಮಾಡುವಾಗ ಕೊಟ್ಟ ಪೇಜ್ ಅಥವಾ ಸಬ್‌ಪೇಜ್ (ಪೇಜ್‌ನ ಚಿಕ್ಕ ಭಾಗ) ಗಾತ್ರ ಚಿಪ್‌ಗೆ ಹೊಂದಿಲ್ಲ. ಕರ್ನಲ್ ಲಾಗ್‌ನಲ್ಲಿ ‘-74’ ಕಂಡರೆ ತಿದ್ದಲಾಗದ ದೋಷ. ಕಂಟ್ರೋಲರ್ ಮೂಲಕ ದೋಷ ತಿದ್ದುವ ನ್ಯಾಂಡ್‌ನಲ್ಲಿ ಬೂಟ್‌ಲೋಡರ್ ಒಂದು ಬಗೆಯ ಸಂಕೇತ, ಕರ್ನಲ್ ಇನ್ನೊಂದು ಬಗೆ ಬಳಸಿದಾಗ ಇದು ಸಾಲುಸಾಲಾಗಿ ಬರುತ್ತದೆ. ನಮ್ಮ ಚಿಪ್‌ನಲ್ಲಿ ತಿದ್ದುವ ವ್ಯವಸ್ಥೆ ಒಳಗೇ ಇರುವುದರಿಂದ ಆ ಗೊಂದಲವಿಲ್ಲ.

ಸವೆತದ ಲೆಕ್ಕ ಮತ್ತೆ ಹಾಕೋಣ. ನಿಮಿಷಕ್ಕೊಂದು ಸಾಲಿಗೆ 8 ಕೆಬಿ ಖರ್ಚಾಗುತ್ತದೆ ಎಂದು ಧಾರಾಳವಾಗಿ ಹಿಡಿದರೂ ದಿನಕ್ಕೆ ಸುಮಾರು 93 ಬ್ಲಾಕ್. 1000 ಬ್ಲಾಕ್‌ಗೆ ಹಂಚಿದಾಗ ಒಂದೊಂದು ಬ್ಲಾಕ್‌ಗೆ ಹತ್ತು ಹನ್ನೊಂದು ದಿನಕ್ಕೊಮ್ಮೆ ಸರದಿ. ಇನ್ನು ಸವೆತದ ಚಿಂತೆ ಬೇಡ.

ಆದರೆ ಡ್ರೈವರ್ ಸರಿಯಿದ್ದರೂ ಪ್ರೋಗ್ರಾಂ ಅಜಾಗರೂಕವಾಗಿದ್ದರೆ ಮಾಹಿತಿ ಹೋಗುತ್ತದೆ. ಬರೆದದ್ದು ಮೊದಲು ರ್‍ಯಾಮ್‌ನಲ್ಲಿ ಕೂರುತ್ತದೆ, ಫ್ಲ್ಯಾಶ್ ತಲುಪಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಪ್ರತಿ ಸಾಲಿನ ನಂತರ ಎಫ್‌ಸಿಂಕ್ (ಈಗಲೇ ಫ್ಲ್ಯಾಶ್‌ಗೆ ಬರೆ ಎನ್ನುವ ಕರೆ) ಕರೆಯಿರಿ. ಇಡೀ ಫೈಲ್ ಬದಲಿಸುವುದಿದ್ದರೆ ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ಹೆಸರು ಬದಲಿಸಿ. ಕರೆಂಟು ಹೋದ ಮೇಲೆ ಸೊನ್ನೆ ಬೈಟ್‌ನ ಫೈಲ್ ಸಿಗುವುದು ಹೆಚ್ಚಾಗಿ ಈ ಕ್ರಮ ತಪ್ಪಿದ್ದರಿಂದಲೇ.

ಈಪ್ರಾಮ್‌ನಲ್ಲಿ ಒಂದೇ ಒಂದು ಸಂಖ್ಯೆ

ಎಟಿ24 ಡ್ರೈವರ್‌ಗೆ ಡಿವೈಸ್ ಟ್ರೀಯಲ್ಲಿ ‘ಪೇಜ್‌ಸೈಜ್’ 64 ಎಂದು ಬರೆಯಿರಿ. ಬರೆಯದಿದ್ದರೆ ಡ್ರೈವರ್ ಅಪಾಯ ಬೇಡವೆಂದು ಒಂದೊಂದೇ ಬೈಟ್ ಬರೆಯುತ್ತದೆ. ಪ್ರತಿ ಬರಹಕ್ಕೆ 5 ಮಿಲಿಸೆಕೆಂಡ್ ಹಿಡಿದರೆ 32768 ಬೈಟ್‌ಗೆ 2 ನಿಮಿಷ 44 ಸೆಕೆಂಡ್. 64ರಂತೆ ಬರೆದರೆ ಎರಡೂವರೆ ಸೆಕೆಂಡ್. ಚಿಪ್‌ನ ಪೇಜ್‌ಗಿಂತ ದೊಡ್ಡ ಸಂಖ್ಯೆ ಕೊಟ್ಟರೆ ಇನ್ನೂ ಕೆಟ್ಟದ್ದು: ಬರಹ ಪೇಜ್‌ನ ಅಂಚಿಗೆ ಬಂದು, ಅದೇ ಪೇಜ್‌ನ ಶುರುವಿಗೆ ಸುತ್ತಿಕೊಂಡು, ಹಿಂದಿನದನ್ನು ಅಳಿಸುತ್ತದೆ.

ಚಿಪ್ ಇಲ್ಲದೆಯೂ ಕಲಿಯಬಹುದು

ಬೋರ್ಡ್ ಕೈಗೆ ಬರುವ ಮೊದಲು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ಅಭ್ಯಾಸ ಮಾಡಲು ನ್ಯಾಂಡ್‌ಸಿಮ್ ಮಾಡ್ಯೂಲ್ ಇದೆ. ಗುರುತಿನ ನಾಲ್ಕು ಬೈಟ್ ಹೆಕ್ಸ್‌ನಲ್ಲಿ 20, ಎ1, 00, 15 ಎಂದು ಕೊಟ್ಟರೆ 2048 ಬೈಟ್ ಪೇಜ್‌ನ 128 ಎಂಬಿ ನ್ಯಾಂಡ್ ರ್‍ಯಾಮ್‌ನಲ್ಲಿ ಎದ್ದು ನಿಲ್ಲುತ್ತದೆ. ‘ಬ್ಯಾಡ್‌ಬ್ಲಾಕ್ಸ್=5,17’ ಎಂದು ಸೇರಿಸಿ ಕೆಟ್ಟ ಬ್ಲಾಕ್‌ಗಳನ್ನೂ ತರಿಸಿಕೊಳ್ಳಬಹುದು. ಇದರಲ್ಲಿ ಸಬ್‌ಪೇಜ್ ಇರುವುದರಿಂದ ಬ್ಲಾಕ್ ಗಾತ್ರ 1,29,024 ಎಂದು ತೋರಿಸಬಹುದು, ಗಾಬರಿ ಬೇಡ. ವಿದ್ಯಾರ್ಥಿಗಳು ಇಲ್ಲಿ ಒಂದು ಸಂಜೆ ಕಳೆದರೆ ನಿಜವಾದ ಚಿಪ್ ಹಾಳಾಗುವುದು ತಪ್ಪುತ್ತದೆ.

ತೋಟದಲ್ಲಿ ಕೂರಿಸುವ ಮುನ್ನ, ಬೋರ್ಡ್ ಬರೆಯುತ್ತಿರುವಾಗಲೇ ಪ್ಲಗ್ ಕೀಳುವ ಪರೀಕ್ಷೆಯನ್ನು ಹಲವು ಸಲ ಮಾಡಿ, ಪ್ರತಿ ಸಲವೂ ಕೊನೆಯ ಸಾಲು ಉಳಿದಿದೆಯೇ ನೋಡಿ. ಕೂರಿಸಿದ ಮೇಲೆ ಪ್ರತಿ ವರ್ಷ ಮುಂಗಾರಿಗೆ ಮೊದಲು ‘/ಸಿಸ್/ಕ್ಲಾಸ್/ಯುಬಿಐ/ಯುಬಿಐ0’ ಒಳಗಿನ ಮೂರು ಫೈಲ್ ಓದಿ: ಅತಿ ಹೆಚ್ಚು ಅಳಿದ ಬ್ಲಾಕ್‌ನ ಎಣಿಕೆ ‘ಮ್ಯಾಕ್ಸ್_ಇಸಿ’, ಕೆಟ್ಟವುಗಳ ಎಣಿಕೆ ‘ಬ್ಯಾಡ್_ಪಿಇಬಿ_ಕೌಂಟ್’, ಉಳಿದ ಮೀಸಲು ‘ರಿಸರ್ವ್ಡ್_ಫಾರ್_ಬ್ಯಾಡ್’. ಮೀಸಲು ಪೂರ್ತಿ ಮುಗಿದ ಮೇಲೆ ಇನ್ನೊಂದು ಬ್ಲಾಕ್ ಕೆಟ್ಟರೆ ಯುಬಿಐ ಬರೆಯುವುದನ್ನೇ ನಿಲ್ಲಿಸಿ ಓದಲು ಮಾತ್ರ ಬಿಡುತ್ತದೆ. ಆ ಸಂಖ್ಯೆ 5ಕ್ಕೆ ಇಳಿದಿದ್ದರೆ ಮೇ ತಿಂಗಳಲ್ಲೇ ಚಿಪ್ ಬದಲಿಸಿ.