ಇಂಗುಗುಂಡಿಗೆ ಮೊದಲು ಮಣ್ಣಿಗೆ ನೀರು ಕುಡಿಸಿ ನೋಡಿದ್ದು

ಮಣ್ಣು ಎಷ್ಟು ಬೇಗ ನೀರು ಕುಡಿಯುತ್ತದೆ ಅಂತ ಮೊದಲ ಸಲ ನಾನು ಮಾಡಿದ ಪರೀಕ್ಷೆ ಹತ್ತೇ ನಿಮಿಷದಲ್ಲಿ ಮುಗಿದಿತ್ತು. ಬಿರುಬೇಸಿಗೆ. ಗುಂಡಿ ತೋಡಿ ಒಂದು ಬಕೆಟ್ ನೀರು ಸುರಿದೆ, ಗಟಗಟ ಕುಡಿದುಬಿಟ್ಟಿತು. ಭಲೇ ಮಣ್ಣು ಅಂದುಕೊಂಡು ಸೆಪ್ಟಿಕ್ ಟ್ಯಾಂಕಿನ ಪಕ್ಕ ಇಂಗುಗುಂಡಿ ಕಟ್ಟಿಸಿದೆ. ಮಳೆಗಾಲ ಬಂತು, ಗುಂಡಿ ತುಂಬಿ ನಿಂತಿತು. ಟಾಯ್ಲೆಟ್ಟಿಗೆ ನೀರು ಹಾಕಿದರೆ ಗುಳುಗುಳು ಅಂತ ಮೇಲೇರುತ್ತಿತ್ತು. ಒಣಗಿದ ಜೇಡಿಮಣ್ಣಿನ ತುಂಬ ಬಿರುಕು ಇರುತ್ತದಲ್ವಾ? ನನ್ನ ಬಕೆಟ್ ನೀರು ಆ ಬಿರುಕುಗಳಿಗೆ ಇಳಿದಿತ್ತು, ಅಷ್ಟೆ. ಜೇಡಿ ನೆನೆದು ಉಬ್ಬಿದರೆ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ.

ಎರಡನೇ ಸಲ ಆತುರ ಮಾಡಲಿಲ್ಲ. ಟ್ಯಾಂಕಿನ ನೀರು ಇಂಗಿಸುವ ಕಾಲುವೆ ತೋಡಬೇಕೆಂದಿದ್ದ ಜಾಗದಲ್ಲಿ, ಅದು ಎಷ್ಟು ಆಳ ಬರುತ್ತದೋ ಅಷ್ಟೇ ಆಳಕ್ಕೆ, 20 ಸೆಂ.ಮೀ. ಅಗಲದ ಮೂರು ಗುಂಡಿ ತೋಡಿದೆ. ಹಾರೆ ಉಜ್ಜಿದ ಕಡೆ ಜೇಡಿಮಣ್ಣು ಸಾರಿಸಿದ ಹಾಗೆ ನುಣ್ಣಗಾಗಿ ಹೊಳೆಯುತ್ತಿತ್ತು. ಆ ಹೊಳಪು ಇದ್ದರೆ ನೀರು ಒಳಗೆ ಹೋಗುವುದಿಲ್ಲ. ಮೊಳೆಯಿಂದ ಗೋಡೆಯನ್ನೆಲ್ಲ ಕೆರೆದೆ, ಉದುರಿದ ಪುಡಿ ಎತ್ತಿ ಹಾಕಿ, ತಳಕ್ಕೆ 5 ಸೆಂ.ಮೀ. ಜಲ್ಲಿ ಹರಡಿದೆ. ಜಲ್ಲಿ ಇಲ್ಲದಿದ್ದರೆ ಸುರಿದ ನೀರಿಗೇ ತಳ ಕದಡಿ ಕೆಸರಾಗುತ್ತದೆ. ಆಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ ರಾತ್ರಿಯಿಡೀ ನೆನೆಯಲು ಬಿಟ್ಟೆ. ಮಲಗುವ ಮುಂಚೆ ಹೋಗಿ ಇಳಿದಷ್ಟನ್ನು ಮತ್ತೆ ತುಂಬಿಸಿದೆ.

ಬೆಳಿಗ್ಗೆ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ಇರುವ ಹಾಗೆ ಮಾಡಿ, ಗುಂಡಿಯ ಬಾಯಿಗೆ ಅಡ್ಡ ಒಂದು ಪಟ್ಟಿ ಇಟ್ಟು, ಅದರಿಂದ ನೀರಿನವರೆಗೆ ಅಳೆದೆ. ಅರ್ಧ ಗಂಟೆಗೊಮ್ಮೆ ಅಳೆಯುವುದು, ಮತ್ತೆ ಅದೇ ಮಟ್ಟಕ್ಕೆ ತುಂಬಿಸುವುದು. ಹೀಗೆ ನಾಲ್ಕು ಗಂಟೆ. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಮೊದಲ ಗುಂಡಿಯಲ್ಲಿ 26 ಮಿ.ಮೀ. ಇಳಿದದ್ದು ಆಮೇಲೆ 22, 19 ಆಗಿ ಕೊನೆಗೆ 18ಕ್ಕೆ ನಿಂತಿತು. ಲೆಕ್ಕಕ್ಕೆ ಬರುವುದು ಆ ಕೊನೆಯ ಅರ್ಧ ಗಂಟೆ ಮಾತ್ರ. 30 ನಿಮಿಷಕ್ಕೆ 18 ಮಿ.ಮೀ. ಅಂದರೆ 25 ಮಿ.ಮೀ. ಇಳಿಯಲು ಸುಮಾರು 42 ನಿಮಿಷ. ಎರಡನೆಯದರಲ್ಲಿ 50.

ಮೂರನೆಯದು ತಲೆ ಕೆಡಿಸಿತು. ಬರೀ 12 ನಿಮಿಷ! ಖುಷಿಪಡುವ ಬದಲು ಅನುಮಾನ ಬಂತು. ನೀರು ಬರಿದಾದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ, ತಳದ ಹತ್ತಿರ ಬೆರಳು ತೂರುವಷ್ಟು ದೊಡ್ಡ ತೂತು. ಯಾವುದೋ ಬೇರು ಕೊಳೆತು ಉಳಿದ ಸುರಂಗ. ಆ ಗುಂಡಿ ಬಿಟ್ಟು ಎರಡು ಮಾರು ಆಚೆ ಇನ್ನೊಂದು ತೋಡಿ, ಮತ್ತೊಂದು ರಾತ್ರಿ ನೆನೆಸಿದೆ. 47 ನಿಮಿಷ ಬಂತು.

25 ಮಿ.ಮೀ.ಗೆ 60 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ನೆಲಕ್ಕೆ ಇಂಗಿಸುವ ಆಸೆಯನ್ನೇ ಬಿಡಬೇಕು. ತೀರಾ ಬೇಗ ಇಳಿದರೂ ಕಷ್ಟ, ಕೊಳೆ ಸೋಸಿಕೊಳ್ಳದೆ ಅಂತರ್ಜಲ ಸೇರುತ್ತದೆ. ಇಷ್ಟರ ಜೊತೆಗೆ, ಪಕ್ಕದಲ್ಲಿ ಕಾಲುವೆಯ ತಳಕ್ಕಿಂತ ಚೆನ್ನಾಗಿ ಕೆಳಗಿಳಿಯುವ ಹಾಗೆ ಒಂದು ಆಳದ ಗುಂಡಿ ತೋಡಿಸಿ ಮಣ್ಣಿನ ಬಣ್ಣ ನೋಡಿದೆ. ಬೂದು ಮಣ್ಣಿನಲ್ಲಿ ತುಕ್ಕು ಬಣ್ಣದ ಮಚ್ಚೆಗಳಿದ್ದರೆ, ಬೇಸಿಗೆಯಲ್ಲಿ ಒಣಗಿ ಕಂಡರೂ ವರ್ಷದಲ್ಲಿ ಒಂದಷ್ಟು ದಿನ ಅಲ್ಲಿವರೆಗೆ ನೀರು ಏರಿ ನಿಲ್ಲುತ್ತದೆ ಎಂದರ್ಥ. ನನಗೆ ಅಂಥದ್ದು ಕಾಣಲಿಲ್ಲ.

ಹಾಗಾಗಿ ಒಂದು ಆಳದ ಗುಂಡಿಯ ಬದಲು, ನೀರು ಅಗಲಕ್ಕೆ ಹರಡಿಕೊಳ್ಳಲಿ ಅಂತ ಉದ್ದದ, ಕಡಿಮೆ ಆಳದ ಕಾಲುವೆಗಳನ್ನೇ ತೋಡಿಸಿದೆ. ಜಲ್ಲಿ ಸುರಿಯುವ ಮುಂಚೆ ಕುಂಟೆ ಹಿಡಿದು ಇಳಿದು, ಕಾಲುವೆಯ ಗೋಡೆಗಳ ಹೊಳಪನ್ನೂ ಉದ್ದಕ್ಕೂ ಕೆರೆದು ಬಂದೆ.