ಪಂಚಾಯಿತಿ ಲೆಕ್ಕಕ್ಕೊಂದು ಪುಟ: ತಾಲ್ಲೂಕು ವಾರಪತ್ರಿಕೆಯಲ್ಲಿ ನನ್ನ ಅನುಭವ

ನಮ್ಮ ತಾಲ್ಲೂಕು ವಾರಪತ್ರಿಕೆಯಲ್ಲಿ ಗ್ರಾಮ ಪಂಚಾಯಿತಿಗಳ ಲೆಕ್ಕಕ್ಕೆಂದೇ ಒಂದು ಪುಟ ಮೀಸಲಿಡುತ್ತೇನೆ ಎಂದಾಗ, ಪತ್ರಿಕೆ ನಡೆಸುವ ಗೆಳೆಯರೆಲ್ಲ ಅದನ್ನು ನಷ್ಟದ ಬಾಬತ್ತಿಗೆ ಸೇರಿಸಿಬಿಟ್ಟರು. ಈಗ ಅವರಲ್ಲೇ ಕೆಲವರು ಆ ಪುಟದ ಮಾದರಿ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಪುಟ ನೆಲಕಚ್ಚಿತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು ಎಂದು ವಿವರಿಸಿ, ಪಂಚಾಯಿತಿವಾರು ಮೊತ್ತಗಳ ಕೋಷ್ಟಕ ಹಾಕುತ್ತಿದ್ದೆವು. ಓದುಗರು ಲಕ್ಷಗಳ ಸಾಲು ಕಂಡೊಡನೆ ಪುಟ ಮಗುಚಿ ಶ್ರದ್ಧಾಂಜಲಿಗಳ ಕಡೆಗೆ ಹೋಗುತ್ತಿದ್ದರು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿಯೇ ಆದರೂ, ಹಾಳೆಗೆ 2 ರೂಪಾಯಿಯಂತೆ ನಕಲುಗಳು, ಮೇಲ್ಮನವಿ, ಓಡಾಟ ಎಲ್ಲ ಸೇರಿ ಸುಮಾರು 40,000 ರೂಪಾಯಿ ಕರಗಿತು. ಇದರ ಮೇಲೆ ಗುತ್ತಿಗೆದಾರರೊಬ್ಬರು ಹಬ್ಬದ ಶುಭಾಶಯದ ಅರ್ಧ ಪುಟದ ಜಾಹೀರಾತನ್ನೇ ನಿಲ್ಲಿಸಿದರು. ನಮ್ಮ ಮಟ್ಟಿಗೆ ಅದು ಒಂದು ಸಂಚಿಕೆಯ ಮುದ್ರಣ ವೆಚ್ಚ.

ಆಮೇಲೆ ಕೋಷ್ಟಕವನ್ನು ಕಿತ್ತುಹಾಕಿ, ವಾರಕ್ಕೊಂದೇ ಊರು, ಆ ಊರಿನ ಮೂರು ನಾಲ್ಕು ಕಾಮಗಾರಿಗಳು ಮಾತ್ರ ಎಂದು ತೀರ್ಮಾನಿಸಿದೆವು. "ಎರಡನೇ ವಾರ್ಡ್, ಶಾಲೆಯ ಹಿಂಬದಿಯ ಚರಂಡಿ. ಅಳತೆ ಪುಸ್ತಕದಲ್ಲಿ 60 ಮೀಟರ್. ಪಾವತಿ 2 ಲಕ್ಷದ ಆಸುಪಾಸು" ಎಂದಷ್ಟೇ ಹಾಕಿ, ಕೆಳಗೆ ಚರಂಡಿಯ ಫೋಟೊ. (ಅಳತೆ ಪುಸ್ತಕವೆಂದರೆ ಬಿಲ್ಲಿಗಾಗಿ ಕಾಮಗಾರಿಯ ಅಳತೆ ಬರೆದಿಡುವ ಸರ್ಕಾರಿ ದಾಖಲೆ.) ಟೀಕೆಯಿಲ್ಲ, ವಿಶೇಷಣವಿಲ್ಲ. ಗ್ರಾಮ ಸಭೆಯಲ್ಲಿ ಮಹಿಳೆಯೊಬ್ಬರು ಮಡಿಚಿದ ಪತ್ರಿಕೆ ಹಿಡಿದು ಎದ್ದು ನಿಂತು, ಚರಂಡಿಗೆ ಟೇಪು ಹಿಡಿಯುವವರೆಗೆ ನಡಾವಳಿಗೆ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದರು. ಟೇಪು ನಲವತ್ತರ ಸುಮಾರಿಗೇ ಮುಗಿಯಿತು. ಉಳಿದ ಚರಂಡಿ ಮಳೆಗಾಲಕ್ಕೆ ಮುಂಚೆ ಆಯಿತು. ಒಟ್ಟು ಅನುದಾನದ ಬಗ್ಗೆ ನಾವು ಬರೆದ ಯಾವ ಲೇಖನಕ್ಕೂ ಇಷ್ಟು ಕೆಲಸ ಮಾಡಿಸಲು ಆಗಿರಲಿಲ್ಲ.

ಇದರಲ್ಲಿ ಅಂಕಿಗಿಂತ ಹೊತ್ತು ಮುಖ್ಯ ಎಂಬುದು ನನ್ನ ಅಭಿಪ್ರಾಯ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಭೆಯ ದಿನಾಂಕ ಗೊತ್ತಾದೊಡನೆ, ಅದರ ಹಿಂದಿನ ವಾರದ ಸಂಚಿಕೆಗೆ ಆ ಊರನ್ನು ಹಾಕುತ್ತೇವೆ. ಸಭೆ ಮುಗಿದ ಮೇಲೆ ಅದೇ ಅಂಕಿಗಳನ್ನು ಹಾಕಿದರೆ ಜನ ಗೊಣಗುತ್ತಾರೆ, ಅಷ್ಟೇ. ಮಾಹಿತಿ ಹಕ್ಕು ಅರ್ಜಿಯನ್ನು ಕಾಮಗಾರಿಗೊಂದರಂತೆ ಹಾಕುವುದು ಲೇಸು, ಏಕೆಂದರೆ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದಗಳೆಂಬ ಮಿತಿಯಿದೆ. ಉತ್ತರ ಕೊಡಲು ಇರುವ ಮೂವತ್ತು ದಿನದ ಗಡುವಿಗೆ ಕಾಯದೆ ಅಳತೆ ಪುಸ್ತಕದ ನಕಲನ್ನು ಒಂದು ವಾರದೊಳಗೆ ಪಡೆಯುವ ದಾರಿಯೂ ಉಂಟು. ಅದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ನಡುವೆ ಪುಟವನ್ನು ಓದಿಸಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಯಾಗಿ ಕಳುಹಿಸಿ ನೋಡಿದೆವು. ಸಾಕಷ್ಟು ಮಂದಿ ಕೇಳಿದರು, ಚಂದಾ ಒಂದೂ ಹೆಚ್ಚಲಿಲ್ಲ. ಹಾಲು ಉತ್ಪಾದಕರ ಸಂಘದ ಗೋಡೆಗೆ ಪುಟವನ್ನು ಅಂಟಿಸಿದ್ದು ಚೆನ್ನಾಗಿ ಫಲಿಸಿತು: ಎರಡೂ ಹೊತ್ತು ಹಾಲು ಹಾಕಲು ಸಾಲಿನಲ್ಲಿ ನಿಂತವರು ಓದದೆ ಬಿಡುವುದಿಲ್ಲ. ಒಂಬತ್ತುನೂರರ ಸುಮಾರಿನಲ್ಲಿದ್ದ ಚಂದಾದಾರರು ಸಾವಿರದ ಐನೂರು ದಾಟಿದ್ದಾರೆ. ಗುತ್ತಿಗೆದಾರರ ಜಾಹೀರಾತಿನ ಜಾಗವನ್ನು ಗೊಬ್ಬರದಂಗಡಿ, ಟ್ಯೂಷನ್ ಕೇಂದ್ರಗಳಂಥ ಸಣ್ಣ ಜಾಹೀರಾತುಗಳು ತುಂಬಿವೆ. ಲೆಕ್ಕದ ಪುಟದ ಕೆಳಗಿನ ಪಟ್ಟಿಗಂತೂ ಮುಂಗಡ ಕೊಟ್ಟು ಕಾಯುವವರಿದ್ದಾರೆ. ಅದರ ದರವನ್ನು ಇಲ್ಲಿ ಬರೆಯುವುದಿಲ್ಲ.