ಒಂದೇ ಡೋರ್ ಲಾಕ್ ಆಗ್ತಿಲ್ವಾ?
ಒಂದೇ ಸ್ವಿಚ್‌ಗೆ ಕಾರಿನ ಎಲ್ಲ ಡೋರ್ ಲಾಕ್ ಮಾಡೋ ಸೆಂಟ್ರಲ್ ಲಾಕ್‌ನಲ್ಲಿ ಒಂದೇ ಡೋರ್ ಕೈಕೊಟ್ಟರೆ, ಆ ಡೋರಿಗೆ ಹೊಸ ಲಾಕ್ ಮೋಟರ್‌ಗೆ ದುಡ್ಡು ಸುರಿಯೋ ಮುಂಚೆ ಆ ಡೋರ್ ತೆರೆದು, ಅದು ಕಾರಿನ ಬಾಡಿಯನ್ನ ಸೇರೋ ಕಡೆಯ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಅಲ್ಲಾಡಿಸ್ತಾ, ಇನ್ನೊಬ್ಬರ ಕೈಲಿ ಲಾಕ್ ಸ್ವಿಚ್ ಒತ್ತಿಸಿ. ಮಧ್ಯೆ ಒಂದ್ಸಲ ‘ಟಕ್’ ಅಂದ್ರೂ ಸಾಕು, ಮೋಟರ್ ಬಹುತೇಕ ಸರಿಯಿದೆ. ಕೊಳವೆಯೊಳಗೆ ವೈರ್ ಕಡಿದಿರುತ್ತೆ. ಡೋರ್ ತೆರೆದು ಮುಚ್ಚಿದಾಗಲೆಲ್ಲ ವೈರ್ ಮಡಚೋದು ಅಲ್ಲೇ. ತಾಮ್ರದ ಎಳೆ ತುಂಡಾಗಿದ್ರೂ ಮೇಲಿನ ಪ್ಲಾಸ್ಟಿಕ್ ನೆಟ್ಟಗೇ ಕಾಣುತ್ತೆ, ಮೋಸ ಹೋಗಬೇಡಿ. ಮೈಸೂರು–ಮಂಡ್ಯ ಬಾಡಿಗೆ ಹೊಡೆಯೋರು ಹಿಂದಿನ ಎಡ ಡೋರನ್ನೇ ಮೊದಲು ನೋಡಿ, ಪ್ಯಾಸೆಂಜರ್ ಹತ್ತಿ ಇಳಿಯೋದು ಅದರಲ್ಲೇ ತಾನೇ. ಬರೀ ತಿರುಚಿ ಟೇಪ್ ಸುತ್ತಿದ್ರೆ ನಿಲ್ಲಲ್ಲ. ಬ್ಯಾಟರಿ ಕಳಚಿ, ಕಡಿದ ಜಾಗಕ್ಕೆ ಒಂದು ವೈರ್ ತುಂಡು ಸೇರಿಸಿ ಬೆಸುಗೆ ಹಾಕಿಸಿ. ನಾಲ್ಕೂ ಡೋರ್ ಸತ್ತಿದ್ರೆ ಮಾತ್ರ ಮೊದಲು ಫ್ಯೂಸ್ ನೋಡಿ. ‘ಗರ್ರ್’ ಸದ್ದು ಬಂದೂ ಲಾಕ್ ಬೀಳದಿದ್ರೆ ಮೋಟರಿನ ಗೇರ್ ಸವೆದಿರಬಹುದು.